ಮಿನಾರಿನ ಮೇಲಿನ ನಾಲ್ಕನೆಯ ಸಾಕ್ಷಿ

ಮಿನಾರು ಹತ್ತಿ ಬಾಂಗು ಕೂಗುವವನಿಗೆ ಕಂಠ ಇರಬೇಕು, ಕಣ್ಣು ಇರಬಾರದು. ಫೆಜ್ ಪಟ್ಟಣದ ನೇಕಾರರ ಕೇರಿಯ ಹಳೆಯ ಕಟ್ಟಳೆ ಇದು, ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಇಲ್ಲಿಯ ಮನೆಗಳಿಗೆ ಬೀದಿಯ ಕಡೆ ಕಿಟಕಿಯೇ ಇರುವುದಿಲ್ಲ. ಗಾಳಿ ಬೆಳಕು ಎಲ್ಲ ಒಳಗಿನ ತೆರೆದ ಅಂಗಳದ್ದು. ಅಲ್ಲಿ ಹೆಂಗಸರು ಕೂದಲು ಬಿಚ್ಚಿಕೊಂಡು ಕೂರುತ್ತಾರೆ, ಅತ್ತೆ ಸೊಸೆ ಜಗಳವಾಡುತ್ತಾರೆ, ಇಬ್ಬರೂ ಸೇರಿ ಗಂಡಸರನ್ನು ಬೈಯುತ್ತಾರೆ. ದಿನಕ್ಕೆ ಐದು ಸಲ ಕಣ್ಣುಳ್ಳವನೊಬ್ಬ ಮೇಲೆ ನಿಂತು ಅದನ್ನೆಲ್ಲ ನೋಡುತ್ತಾನೆಂದರೆ ಯಾರು ಸಹಿಸಿಯಾರು? ಅದಕ್ಕೇ ಮಸೀದಿಯವರು ಕುರುಡರನ್ನೇ ಹುಡುಕಿ ತಂದು ಈ ಕೆಲಸಕ್ಕೆ ಇಡುತ್ತಿದ್ದರು.

ಮಿಮೂನ್ ಈ ಕೆಲಸಕ್ಕೆ ಸೇರಿದಾಗ ನಿಜವಾಗಿ ಕುರುಡನೇ. ಎರಡು ಕಣ್ಣಿಗೂ ಪೊರೆ ಕವಿದಿತ್ತು. ಎರಡನೆಯ ವರ್ಷ ಊರೂರು ತಿರುಗುವ ವೈದ್ಯನೊಬ್ಬ ಬಂದು ಸೂಜಿಯಿಂದ ಪೊರೆ ಸರಿಸಿದ. ಬಲಗಣ್ಣು ಹೋಗಿಯೇ ಹೋಯಿತು, ಎಡಗಣ್ಣು ತೆರೆಯಿತು. ಆ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ಕೆಲಸ ಹೋಗುತ್ತದೆ, ಮಸೀದಿಯ ಗೋಡೆಗೆ ಅಂಟಿದ ಕೋಣೆಯೂ ಹೋಗುತ್ತದೆ. ಹೆಂಡತಿ ಸತ್ತ, ಮಕ್ಕಳಿಲ್ಲದ ಮುದುಕನಿಗೆ ಬೇರೆ ಯಾರು ದಿಕ್ಕು? ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಎನ್ನುತ್ತ ಒಂಬತ್ತು ವರ್ಷ ಕಳೆಯಿತು.

ಹಾಗಂತ ಅವನನ್ನು ಕೆಟ್ಟವನೆನ್ನುವ ಹಾಗಿಲ್ಲ. ಹೆಂಗಸರಿರುವ ಅಂಗಳಗಳ ಕಡೆ ಅವನು ಮುಖ ತಿರುಗಿಸುತ್ತಿರಲಿಲ್ಲ. ಆದರೆ ಹೆಂಗಸರೇ ಇಲ್ಲದ ಅಂಗಳ ಒಂದಿತ್ತು, ಮಿನಾರಿನ ಬುಡದಲ್ಲಿಯೇ. ಅದು ಥಾಮಿ ಮತ್ತು ಜೆಲ್ಲೂಲ್ ಎಂಬ ಇಬ್ಬರು ನೇಕಾರರ ಮನೆ. ಜರಿಯ ಮಗ್ಗಕ್ಕೆ ಇಬ್ಬರು ಬೇಕೇ ಬೇಕು: ಕೆಳಗೆ ಕೂತು ನೇಯುವವನೊಬ್ಬ, ಮೇಲೆ ಕೂತು ಚಿತ್ತಾರದ ದಾರ ಎಳೆಯುವವನೊಬ್ಬ. ಥಾಮಿ ನೇಯುತ್ತಿದ್ದ, ಜೆಲ್ಲೂಲ್ ಎಳೆಯುತ್ತಿದ್ದ. ಇಪ್ಪತ್ತು ವರ್ಷದಿಂದ ಒಂದೇ ಮಗ್ಗ, ಒಂದೇ ಮನೆ. ಇಬ್ಬರಿಗೂ ಮದುವೆಯಾಗಿರಲಿಲ್ಲ.

ಇಳಿಹೊತ್ತಿನ ಅಸರ್ ಬಾಂಗು ಮುಗಿಸಿದ ಮೇಲೆ ಮಿಮೂನ್ ಕೆಳಗೆ ಒಂದು ಕಣ್ಣು ಹಾಯಿಸುತ್ತಿದ್ದ. ಆ ಹೊತ್ತಿಗೆ ಇಬ್ಬರೂ ಮಗ್ಗ ಬಿಟ್ಟು, ನಮಾಜು ಮುಗಿಸಿ ಅಂಗಳಕ್ಕೆ ಬರುತ್ತಿದ್ದರು. ದಾರ ಎಳೆದೆಳೆದು ಜೆಲ್ಲೂಲನ ಬೆರಳು ಸೀಳಿರುತ್ತಿದ್ದವು. ಹಣ್ಣಿನ ಹುಳಿ ತಗಲಿದರೆ ಉರಿ. ಹಾಗಾಗಿ ಥಾಮಿ ದಾಳಿಂಬೆ ಸುಲಿದು, ಕಾಳು ಬಿಡಿಸಿ, ಬಟ್ಟಲಿಗೆ ಹಾಕಿ ಅವನ ಮುಂದಿಡುತ್ತಿದ್ದ. ಒಂದು ದಿನ ಜೆಲ್ಲೂಲ್ ಅವನ ಗಡ್ಡ ಬಾಚುತ್ತಿದ್ದ, ಇನ್ನೊಂದು ದಿನ ಬೆನ್ನು ಒತ್ತುತ್ತಿದ್ದ. ಹೆಚ್ಚಿನ ದಿನ ಏನೂ ಮಾಡದೆ, ಮಾತೂ ಆಡದೆ ಸುಮ್ಮನೆ ಕೂತಿರುತ್ತಿದ್ದರು. ಮಿಮೂನನಿಗೆ ಅದೇ ದೊಡ್ಡ ಸೋಜಿಗ. ಹದಿನೇಳು ವರ್ಷ ಸಂಸಾರ ಮಾಡಿದವನು ಅವನು, ಹೆಂಡತಿಯ ಜೊತೆ ಒಂದು ದಿನವೂ ಹಾಗೆ ಕೂತದ್ದು ನೆನಪಿರಲಿಲ್ಲ. ಇವರು ಒಬ್ಬರಿಗೊಬ್ಬರು ಏನಾಗಬೇಕು? ಅಣ್ಣತಮ್ಮಂದಿರೇ? ಅಣ್ಣತಮ್ಮಂದಿರು ದಾಳಿಂಬೆಗೆ ಹೊಡೆದಾಡುತ್ತಾರೆ. ಮತ್ತೊಂದು ಉತ್ತರ ಮನಸ್ಸಿಗೆ ಬಂದಾಗ ಅವನು ದೇವರ ಹೆಸರು ಹೇಳಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಮರುದಿನ ಮತ್ತೆ ನೋಡುತ್ತಿದ್ದ.

ಈ ಮಧ್ಯೆ ಪಕ್ಕದ ಮನೆಯ ಚರ್ಮದ ವ್ಯಾಪಾರಿ ಬುಷ್ತಾ ತನ್ನ ತಂಗಿಯನ್ನು ಥಾಮಿಗೆ ಕೊಡುತ್ತೇನೆಂದು ತಾನಾಗಿ ಹೋಗಿ ಕೇಳಿದ. ಥಾಮಿ ಎದೆಯ ಮೇಲೆ ಕೈಯಿಟ್ಟು ಬೇಡವೆಂದ. ಹೆಣ್ಣಿನ ಕಡೆಯವರು ಕೇಳಿ ಬೇಡವೆನ್ನಿಸಿಕೊಳ್ಳುವುದು ಆ ಕೇರಿಯಲ್ಲಿ ಮುಖಕ್ಕೆ ಉಗುಳಿಸಿಕೊಂಡಂತೆ. ಬುಷ್ತಾ ಒಂದು ತಿಂಗಳು ಕುದಿದ. ಆಮೇಲೆ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಖಾಜಿಯ ಮುಂದೆ ನಿಂತು, ಆ ಇಬ್ಬರು ಗಂಡಸರು ಲೂತರ ಜನ ಮಾಡಿದ, ಗಂಡು ಗಂಡನ್ನು ಕೂಡುವ ಪಾಪ ಮಾಡುವುದನ್ನು ನಾವು ಮೂವರೂ ಕಣ್ಣಾರೆ ಕಂಡಿದ್ದೇವೆ ಎಂದುಬಿಟ್ಟ. ಇದಕ್ಕೆ ನಾಲ್ವರು ಸಾಕ್ಷಿ ಬೇಕಲ್ಲ, ನಾಲ್ಕನೆಯವನೆಲ್ಲಿ ಎಂದು ಖಾಜಿ ಕೇಳಿದರೆ, ಗುರುವಾರ ತರುತ್ತೇನೆ ಎಂದ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ನಾಲ್ಕನೆಯ ಸಾಕ್ಷಿ ಕೈಯಲ್ಲಿಲ್ಲದೆ ಇಂಥ ಮಾತು ಆಡಿದವನ ಬೆನ್ನಿಗೆ ಎಂಬತ್ತು ಏಟು ಎನ್ನುವುದು ಬುಷ್ತಾಗೆ ಗೊತ್ತಿತ್ತು. ಆದರೆ ಯಾರನ್ನು ತರಬೇಕೆನ್ನುವುದೂ ಗೊತ್ತಿತ್ತು.

ಮಂಗಳವಾರ ಅವನು ಮಿಮೂನನ ಕೋಣೆಗೆ ಬಂದು ಬಾಗಿಲು ಮುಚ್ಚಿದ.

"ವಸಂತದಲ್ಲಿ ಕೊಕ್ಕರೆ ಮರಿಯೊಂದು ಮಿನಾರಿನ ಗೂಡಿಂದ ಬಿದ್ದಿತ್ತಲ್ಲ ಚಿಕ್ಕಪ್ಪ, ನೀನು ಅದನ್ನ ಎತ್ತಿ ನೆಟ್ಟಗೆ ಗೂಡಿಗೇ ಇಟ್ಟೆ. ನಾನು ನಮ್ಮ ಮಾಳಿಗೆ ಮೇಲಿದ್ದೆ. ಕುರುಡ್ರು ಹಾಗೆ ಇಡ್ತಾರಾ?"

ಬುಷ್ತಾ ಮೆತ್ತಗೆ ವಿವರಿಸಿದ. ಗುರುವಾರ ನೀನು ಸಾಕ್ಷಿ ಹೇಳಬೇಕು, ಮೇಲಿಂದ ಕಂಡೆ ಎನ್ನುವುದು ಬೇಡ, ನೀರು ಕೇಳಲು ಅವರ ಬಾಗಿಲಿಗೆ ಹೋಗಿದ್ದಾಗ ದೇವರ ದಯೆಯಿಂದ ಅರೆಗಳಿಗೆ ಕಣ್ಣು ಕಾಣಿಸಿತು ಎಂದರೆ ಸಾಕು. ಒಪ್ಪದಿದ್ದರೆ ನಿನ್ನ ಗುಟ್ಟು ಕೇರಿಗೆಲ್ಲ ಹೇಳುತ್ತೇನೆ, ಗಂಡಸರು ನಿನ್ನನ್ನು ಏನು ಮಾಡುತ್ತಾರೋ ನೋಡಿಕೋ. ನೀನು ಬರದಿದ್ದರೆ ಇನ್ನೊಬ್ಬ ಸಿಗುತ್ತಾನೆ ಬಿಡು, ಎಂದು ಎದ್ದು ಹೋದ.

ಮರುದಿನ ಮಿಮೂನ್ ಮದರಸಾದಲ್ಲಿ ಧರ್ಮಶಾಸ್ತ್ರ ಹೇಳುವ, ಎಲ್ಲರೂ ಗೌರವದಿಂದ ಸೀದಿ ಎನ್ನುವ ಮುದುಕ ಮಕ್ಕಿಯ ಹತ್ತಿರ ಹೋಗಿ, ಯಾರದೋ ವಿಷಯ ಎನ್ನುವ ಹಾಗೆ ಕೇಳಿದ: ಇಂಥ ಪಾಪಕ್ಕೆ ಏನು ಶಿಕ್ಷೆ?

ಸೀದಿ ಮಕ್ಕಿಗೆ ಕೇಳುವವರು ಸಿಕ್ಕರೆ ಹಬ್ಬ. ನಮ್ಮ ಮಾಲಿಕಿ ಪಂಥದವರು ಕಲ್ಲು ಹೊಡೆದು ಕೊಲ್ಲಬೇಕೆನ್ನುತ್ತಾರೆ. ಪೂರ್ವದ ಹನಫಿಗಳು ಅಷ್ಟು ದೂರ ಹೋಗುವುದಿಲ್ಲ, ಖಾಜಿಗೆ ತೋಚಿದ ಏಟು, ಸೆರೆ ಎನ್ನುತ್ತಾರೆ. ಊರಿನ ಅತಿ ಎತ್ತರದ ಕಟ್ಟಡದಿಂದ ತಲೆಕೆಳಗಾಗಿ ತಳ್ಳಿ, ಆಮೇಲೆ ಕಲ್ಲು ಹೊಡೆಯಬೇಕೆಂದವರೂ ಹಿಂದಿನವರಲ್ಲಿ ಇದ್ದರು, ಎಂದು ಬೆರಳು ಮಡಿಸುತ್ತ ಹೇಳಿದ.

"ನಮ್ಮ ಕೇರಿಯಲ್ಲಿ ಅತಿ ಎತ್ತರದ್ದು ಯಾವ್ದು ಸೀದಿ?"

"ಅದೇನು ಕೇಳ್ತೀಯೋ? ನೀನು ದಿನಾ ಹತ್ತೋದೇ."

ಇದು ತಪ್ಪಿಸಲಾಗದ ಶಿಕ್ಷೆಯೇ ಎಂದು ಮಿಮೂನ್ ಕೇಳಿದ.

ಸೀದಿ ಮಕ್ಕಿ ನಕ್ಕ. "ಎಪ್ಪತ್ತು ವರ್ಷ ಆಯ್ತು ನನಗೆ. ಒಂದನ್ನೂ ನೋಡ್ಲಿಲ್ಲ. ನಾಲ್ಕು ಜನ ನಂಬಿಗಸ್ತರು, ಕಾಡಿಗೆ ಡಬ್ಬಿಯೊಳಗೆ ಕಡ್ಡಿ ಹೋಗೋದನ್ನ ನೋಡಿದಷ್ಟು ಸ್ಪಷ್ಟವಾಗಿ ನೋಡಿರ್ಬೇಕು. ಬಾಗಿಲಲ್ಲಿ ಇಣುಕಿ ನೋಡೋದೂ ಪಾಪವೇ. ಶಿಕ್ಷೇನ ಮಿನಾರಿನಷ್ಟು ಎತ್ತರ ಕಟ್ಟಿದ್ದಾರೆ, ಮೆಟ್ಟಿಲು ಮಾತ್ರ ಯಾರಿಗೂ ಸಿಗದ ಹಾಗೆ ಇಟ್ಟಿದ್ದಾರೆ. ಯಾಕೆ ಹಾಗೆ ಅಂತ ನಾನೂ ಯೋಚನೆ ಮಾಡ್ತಾನೇ ಇದೀನಿ."

ಆ ಮೆಟ್ಟಿಲು ತನ್ನ ಕಣ್ಣೇ ಎಂದು ಮಿಮೂನನಿಗೆ ಗೊತ್ತಿತ್ತು. ಕುರುಡನಂತೆ ಕೋಲೂರಿ ಹೋಗಿ, ನನಗೇನೂ ಕಾಣುವುದಿಲ್ಲ ಎಂದುಬಿಟ್ಟರೆ? ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಕುರುಡ ನೋಡಿಲ್ಲ ಎಂದರೆ ಅದಕ್ಕೇನು ಬೆಲೆ? ಬುಷ್ತಾ ಇನ್ನೊಬ್ಬನನ್ನು ಕರೆತರುತ್ತಾನೆ, ಆ ಇನ್ನೊಬ್ಬ ಬೇಕಾದ್ದನ್ನೆಲ್ಲ ನೋಡಿರುತ್ತಾನೆ. ಆದರೆ ಒಂಬತ್ತು ವರ್ಷ ದಿನವೂ ನೋಡಿದವನೊಬ್ಬ ನೋಡಿಲ್ಲ ಎಂದರೆ, ಅದರ ಮುಂದೆ ಬಾಡಿಗೆಯ ಸಾಕ್ಷಿ ನಿಲ್ಲುವುದಿಲ್ಲ. ಹಾಗೆ ಹೇಳಬೇಕಾದರೆ ಮಾತ್ರ ಕಣ್ಣಿದೆಯೆಂದು ಮೊದಲು ಒಪ್ಪಬೇಕು. ಅವನಿಗೆ ಬಹಳ ಹೆದರಿಕೆಯಾಯಿತು.

ಗುರುವಾರ ಖಾಜಿಯ ಅಂಗಳದಲ್ಲಿ ಕೇರಿಯೇ ನೆರೆದಿತ್ತು. ಥಾಮಿಯೂ ಜೆಲ್ಲೂಲನೂ ದೂರ ದೂರ ನಿಂತಿದ್ದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇರಬೇಕು. ಮಿಮೂನ್ ಕೋಲನ್ನು ಬಾಗಿಲಲ್ಲಿ ಬಿಟ್ಟು ನೇರವಾಗಿ ನಡೆದು ಬಂದ. ದಾರಿಯಲ್ಲಿದ್ದ ಚಪ್ಪಲಿಗಳ ರಾಶಿಯನ್ನು ಸುತ್ತಿ ಬಂದ. ಜನ ಅದನ್ನು ನೋಡಿ ಗುಸುಗುಸು ಎಂದರು.

"ನೀನು ಕುರುಡ ಅಲ್ವಾ?" ಎಂದ ಖಾಜಿ.

"ಅಲ್ಲ ಸೀದಿ. ಒಂದು ಕಣ್ಣು ಕಾಣುತ್ತೆ. ಒಂಬತ್ತು ವರ್ಷದಿಂದ ದಿನಾ ಮಿನಾರಿನ ಮೇಲಿಂದ ಇವರ ಅಂಗಳ ನೋಡಿದೀನಿ."

ಬುಷ್ತಾನ ಮುಖ ಅರಳಿತು. ಥಾಮಿ ಕಣ್ಣು ಮುಚ್ಚಿಕೊಂಡ.

"ಕಾಡಿಗೆ ಡಬ್ಬಿಯೊಳಗೆ ಕಡ್ಡಿ ಹೋದ ಹಾಗೆ ನೋಡಿದೆಯಾ?"

"ಇಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ. ನಾನು ನೋಡಿದ್ದು ಏನಂದ್ರೆ..."

ಖಾಜಿ ಕೈ ಎತ್ತಿದ. "ಕೇಳದೆ ಇರೋದಕ್ಕೆ ಉತ್ತರ ಕೊಡಬೇಡ. ದೇವರು ಮುಚ್ಚಿಟ್ಟದ್ದನ್ನ ತೆಗೆದು ತೋರಿಸೋಕೆ ನೀನ್ಯಾರು?"

ಮಿಮೂನ್ ತಲೆ ತಗ್ಗಿಸಿದ. ದಾಳಿಂಬೆಯ ಮಾತು ಬಾಯಲ್ಲೇ ಉಳಿಯಿತು. ಬುಷ್ತಾಗೂ ಅವನ ಇಬ್ಬರು ಗೆಳೆಯರಿಗೂ ತಲಾ ಎಂಬತ್ತು ಏಟು ಬಿತ್ತು, ಅವರ ಸಾಕ್ಷಿ ಇನ್ನೆಂದೂ ಎಲ್ಲಿಯೂ ನಡೆಯುವುದಿಲ್ಲವೆಂದು ಬರೆದಾಯಿತು. ಮಿಮೂನನ ಕೆಲಸ, ಕೋಣೆ ಎರಡೂ ಅದೇ ಸಂಜೆ ಹೋದವು. ಬೀದಿಯಲ್ಲಿ ಹೆಂಗಸರು ಅವನನ್ನು ಕಂಡರೆ ಮುಸುಕು ಬಿಗಿ ಮಾಡಿಕೊಂಡು, ಒಂಬತ್ತು ವರ್ಷ ನೋಡಿದ್ದು ಸಾಲದೇನೋ ಮುದಿಗೂಬೆ, ಎಂದು ಬೈದರು. ಅವರದೇನೂ ತಪ್ಪಿಲ್ಲ. ಒಣ ಅವರೆಯ ಗಂಜಿ ಮಾರುವವನೊಬ್ಬ ಕಾಳಿನ ಸಿಪ್ಪೆ ಸುಲಿಯುವ ಕೆಲಸ ಕೊಟ್ಟು, ಅಂಗಡಿಯ ಹಿಂದೆ ಮಲಗಲು ಜಾಗ ಕೊಟ್ಟ.

ಇಬ್ಬರಲ್ಲಿ ಒಬ್ಬರಾದರೂ ಬಂದು ಒಂದು ಒಳ್ಳೆಯ ಮಾತು ಹೇಳಿಯಾರು ಎಂದು ಅವನು ಕಾದ. ಹತ್ತು ದಿನ ಯಾರೂ ಬರಲಿಲ್ಲ. ಅವನಿಗೆ ನೋವಾಯಿತು, ಸ್ವಲ್ಪ ಸಿಟ್ಟೂ ಬಂತು. ಹನ್ನೊಂದನೆಯ ದಿನ ಅಸರ್ ಹೊತ್ತಿಗೆ ಜೆಲ್ಲೂಲ್ ಬಂದು, ಎದುರು ಕೂತು, ಅವರೆಕಾಳಿನ ಬುಟ್ಟಿಯನ್ನೇ ನೋಡುತ್ತಿದ್ದ. ಉಪಕಾರ ಸ್ಮರಿಸಲಿಲ್ಲ, ಬೈಯಲೂ ಇಲ್ಲ.

"ಇಪ್ಪತ್ತು ವರ್ಷ ಯಾರೂ ನಮ್ಮನ್ನ ನೋಡಬಾರದು ಅಂತಾನೇ ಬದುಕಿದ್ವಿ," ಎಂದ ಕೊನೆಗೆ. "ನೀನು ದಿನಾ ನೋಡಿದೀಯ. ಒಂದು ಮಾತು ಕೇಳ್ತೀನಿ ಚಿಕ್ಕಪ್ಪ, ನಾವು ನೋಡೋಕೆ ಹೇಗಿದ್ವಿ?"

ಖಾಜಿಯ ಮುಂದೆ ಹೇಳಬೇಕೆಂದಿದ್ದ ಮಾತೆಲ್ಲ ಮಿಮೂನನಿಗೆ ಈಗ ಸಣ್ಣದಾಗಿ ಕಂಡಿತು.

"ನನ್ನ ಹೆಂಡ್ತಿಗೆ ನಾನು ಒಂದು ದಿನಾನೂ ಹಣ್ಣು ಸುಲಿದು ಕೊಡ್ಲಿಲ್ಲ," ಎಂದ. "ನಿಮ್ಮನ್ನ ನೋಡಿದ ಮೇಲೆ ಗೊತ್ತಾಯ್ತು, ಕೊಡಬಹುದಿತ್ತು ಅಂತ. ಅವಳು ಹೋಗಿ ಆಗ್ಲೇ ಎಷ್ಟೋ ವರ್ಷ ಆಗಿತ್ತು."

ಜೆಲ್ಲೂಲ್ ಸೀಳು ಬೆರಳುಗಳಿಂದ ಕಣ್ಣು ಒರೆಸಿಕೊಂಡು ಎದ್ದು ಹೋದ.

ಮುಂದಿನ ವಾರ ಬಾಂಗು ಕೂಗಲು ಮೆಕ್ನೆಸ್‌ನಿಂದ ಹೊಸಬ ಬಂದ, ಹುಟ್ಟುಕುರುಡ. ಮಸೀದಿಯವರು ಅವನ ಎರಡು ಕಣ್ಣಿಗೂ ದೀಪ ಹಿಡಿದು ನೋಡಿಯೇ ಸೇರಿಸಿಕೊಂಡರು. ಎಷ್ಟನೆಯ ಮೆಟ್ಟಿಲು ಮುರಿದಿದೆ, ಎಲ್ಲಿ ತಲೆ ತಗ್ಗಿಸಬೇಕು ಎನ್ನುವುದೆಲ್ಲ ಗೊತ್ತಿದ್ದವನು ಮಿಮೂನ್ ಒಬ್ಬನೇ. ಹಾಗಾಗಿ ಮೊದಲ ದಿನ ಹೊಸಬನ ಕೈಹಿಡಿದು ಹತ್ತಿಸಲು ಅವನನ್ನೇ ಕರೆಸಿದರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತಬೇಕೆಂಬ ಕರಾರಿನ ಮೇಲೆ. ಮೇಲೆ ಹೋದಾಗ ಗಾಳಿ ಬೀಸುತ್ತಿತ್ತು. ಮಿಮೂನ್ ತಡೆಯಲಾರದೆ ಬಟ್ಟೆಯನ್ನು ಒಂದು ಬೆರಳು ಮೇಲೆ ಸರಿಸಿದ. ಕೆಳಗೆ ಆ ಅಂಗಳದ ನಾಲ್ಕು ಮೂಲೆಗೂ ಹಗ್ಗ ಕಟ್ಟಿ ಅಗಲವಾದ ಬಿಳಿ ಬಟ್ಟೆ ಹರಡಿದ್ದರು. ಹೊಸ ನೇಯ್ಗೆ, ಒತ್ತಾದ ಎಳೆ. ಒಳಗಿನ ನೆರಳೂ ತೋರುತ್ತಿರಲಿಲ್ಲ.

"ಇಲ್ಲಿಂದ ಏನೇನು ಕಾಣುತ್ತೆ ಅಣ್ಣ?" ಎಂದು ಹೊಸಬ ಕೇಳಿದ.

"ಕೊಕ್ಕರೆ ಗೂಡು ಇದೆ," ಎಂದ ಮಿಮೂನ್. "ಬೇರೆ ಏನೂ ಕಾಣೋದಿಲ್ಲ."

ಆಮೇಲೆ ಬಟ್ಟೆಯನ್ನು ಕಣ್ಣಿನ ಮೇಲೆ ಎಳೆದುಕೊಂಡು, ಹೊಸಬನಿಗೆ ನಮಾಜಿಗೆ ಮುಖ ಮಾಡುವ ಕಿಬ್ಲಾ ಯಾವ ಕಡೆ ಎಂದು ಭುಜ ಹಿಡಿದು ತಿರುಗಿಸಿ ತೋರಿಸಿದ.