ಮೇಣದ ಚಾವಣಿ

ಇಪ್ಪತ್ತೆಂಟು.

ಸಮಿತಿಯ ಷಡಕ್ಷರಪ್ಪನವರು ಕೈಯಲ್ಲಿದ್ದ ಉಷ್ಣಮಾಪಕವನ್ನು ಕೋಣೆಯ ಇನ್ನೊಂದು ಮೂಲೆಗೆ ಒಯ್ದು ಹಿಡಿದರು. ಅಲ್ಲೂ ಇಪ್ಪತ್ತೆಂಟೇ. ಹೊರಗೆ ಅಂಗಳದಲ್ಲಿ ಮೂವತ್ತೇಳು ತೋರಿಸಿತ್ತು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಒಳಗೆ ಒಂದು ಫ್ಯಾನೂ ತಿರುಗುತ್ತಿರಲಿಲ್ಲ.

"ಭೇಷ್ ಮೇಡಂ," ಎಂದರು. "ನೀವು ಇಪ್ಪತ್ತೊಂಬತ್ತು ಅಂತ ಬರೆದುಕೊಟ್ಟಿದ್ರಿ. ಕಟ್ಟಡ ನಿಮ್ಮನ್ನೂ ಮೀರಿಸಿಬಿಟ್ಟಿದೆ."

ಲತಾಮಣಿ ನಕ್ಕಳು. ನಗುತ್ತಲೇ ಚಾವಣಿಯ ಕಡೆ ನೋಡಿದಳು. ತಾನು ಕಟ್ಟಿಸಿದ್ದು ತನ್ನ ಲೆಕ್ಕವನ್ನು ಮೀರಿಸುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬಸ್ತಿಹಳ್ಳಿಯ ಈ ಹೆಣ್ಣುಮಕ್ಕಳ ಹಾಸ್ಟೆಲ್ ಅವಳು ಸ್ವತಂತ್ರವಾಗಿ ಮಾಡಿದ ಮೊದಲ ವಿನ್ಯಾಸ. ಸುಡದ ಮಣ್ಣಿಟ್ಟಿಗೆಯ ಗೋಡೆ. ಚಾವಣಿಯ ಅಡಿಗೆ ಮೇಣ ತುಂಬಿದ ಹಲಗೆಗಳು. ಹಗಲು ಮೇಣ ಕರಗುತ್ತ ಸೆಕೆಯನ್ನು ಹೀರಿಕೊಳ್ಳುತ್ತದೆ. ರಾತ್ರಿಯ ತಂಪಿಗೆ ಮತ್ತೆ ಗಟ್ಟಿಯಾಗುತ್ತದೆ. 'ಹವೆಗೆ ತಕ್ಕಂತೆ ತಾನೇ ಬದಲಾಗುವ ಕಟ್ಟಡ' ಎಂಬ ಅವಳ ಮಾತು ಎರಡು ವರ್ಷದ ಹಿಂದೆ ಪತ್ರಿಕೆಯಲ್ಲಿ ಫೋಟೊದ ಜೊತೆ ಬಂದಿತ್ತು. ಇವತ್ತು ಬೆಂಗಳೂರಿನ ಸಮಿತಿ ಒಪ್ಪಿದರೆ ಇಂಥವೇ ಇನ್ನೂ ಹನ್ನೆರಡು ಹಾಸ್ಟೆಲ್‌ಗಳು ಅವಳ ಕೈಗೆ ಬರಲಿದ್ದವು.

ಸಮಿತಿಯವರು ಟೀಗೆ ಕೂತರು. ಒಂದು ಸಲ ಮೇಲೆ ನೋಡಿ ಬರುತ್ತೇನೆಂದು ಹೇಳಿ ಅವಳು ಮೆಟ್ಟಿಲು ಹತ್ತಿದಳು.

ತಾರಸಿಯ ತುಂಬ ಗೋಣಿಚೀಲ ಹಾಸಿತ್ತು. ಎಲ್ಲವೂ ನೆಂದು ಕಪ್ಪಗಾಗಿದ್ದವು. ನಡುವೆ ಮುದ್ದಮ್ಮ ಬರಿಗಾಲಲ್ಲಿ ನಿಂತು ಕೊಡ ಬಗ್ಗಿಸುತ್ತಿದ್ದಳು. ಸೊಂಟದಿಂದ ಕೆಳಗೆ ಸೀರೆ ತೊಯ್ದು ಕಾಲಿಗೆ ಅಂಟಿಕೊಂಡಿತ್ತು.

ಮುದ್ದಮ್ಮ ಹಾಸ್ಟೆಲಿನ ಅಡಿಗೆಯವಳು. ಲತಾಮಣಿಯ ಅಪ್ಪ ದ್ಯಾವಯ್ಯನ ಒಡಹುಟ್ಟಿದ ತಂಗಿ. ತಾಯಿ ತೀರಿಕೊಂಡ ಮೇಲೆ, ಅರಸೀಕೆರೆಯ ತಗಡಿನ ಸೂರಿನ ಮನೆಯಲ್ಲಿ ಲತಾಮಣಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಸ್ಕೂಲಿಗೆ ಕಳಿಸಿದವಳು.

"ಏನತ್ತೆ ಇದು?"

"ಮೆಲ್ಲುಕ್ ಮಾತಾಡು ಮಗಾ, ಕೆಳುಕ್ ಕೇಳ್ತದೆ." ಮುದ್ದಮ್ಮ ಕೊಡ ಇಳಿಸಿದಳು. "ನಿನ್ ಮೇಣ ಹೋದ್ ಬ್ಯಾಸ್ಗೇಲೇ ಕೆಟ್ಟೋಯ್ತು. ರಾತ್ರಿನೂ ಸೆಕೆ ಇಳಿಯಲ್ಲ, ಇನ್ನ ಅದು ಗಟ್ಟಿ ಆಗೋದೆಂಗೆ? ಎರಡು ಹಲಗೆ ಸೋರಿ ಹುಡುಗೀರ ಹಾಸ್ಗೆ ಮ್ಯಾಲೆ ಬಿತ್ತು. ನಾನೇ ಕೆರೆದು ತೆಗ್ದೆ."

"ನಂಗೆ ಹೇಳ್ಬಾರ್ದಿತ್ತಾ?"

"ಮೂರ್ ಸಲ ಫೋನ್ ಮಾಡ್ದೆ ಕಣವ್ವ. ನೀನು ಕೆಲ್ಸದಾಗಿದ್ದೆ ಅಂತ ಕಾಣ್ತದೆ."

ಲತಾಮಣಿ ಮೂರು ಸಲವೂ ನೋಡಿದ್ದಳು. ಎರಡು ಸಲ ಕೆಲಸವಿತ್ತು. ಮೂರನೆಯ ಸಲ ಗೆಳತಿಯರ ಜೊತೆ ಕೂತಿದ್ದಳು. ಅತ್ತೆಯ ಹಳ್ಳಿ ಭಾಷೆಯಲ್ಲೇ ಅವರೆದುರು ಉತ್ತರ ಕೊಡಬೇಕಾಗುತ್ತದೆಂದು ಫೋನನ್ನು ಬೋರಲು ಹಾಕಿದ್ದಳು.

"ಮಕ್ಕಳು ಎಲ್ಲಿ ಮಲಗ್ತಾರೆ?"

"ವರಾಂಡದಾಗೆ. ಇವತ್ತು ಸೆಕೆ ಅಳೆಯೋಕೆ ಬತ್ತಾರೆ ಅಂತ ವಾರ್ಡನ್ನಮ್ಮ ಅಂದ್ರು. ನಿನ್ ಹೆಸ್ರು ಕೆಡಬಾರ್ದು ಅಂತ ಕೋಳಿ ಕೂಗೋ ಹೊತ್ಗೇ ನೀರು ಹೊರೋಕೆ ಸುರು ಮಾಡ್ದೆ. ಹುಡುಗೀರ ಸ್ನಾನದ್ ನೀರು. ಒಂದಿನ ಮೀಯದಿದ್ರೆ ಏನೂ ಆಗಕಿಲ್ಲ."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಷಡಕ್ಷರಪ್ಪನವರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಮೇಲೆ ಬಂದು ನಿಂತರು.

"ಇದೇನು ಮೇಡಂ, ಇಷ್ಟೊಂದು ನೀರು?"

ಒಂದೇ ಮಾತು ಸಾಕಾಗಿತ್ತು. ಮೇಣ ಕೆಲಸ ಮಾಡುತ್ತಿಲ್ಲ. ಅದು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಗೊತ್ತಿಲ್ಲ ಸರ್. ನಾನೂ ಈಗ ತಾನೇ ನೋಡಿದೆ. ಈಯಮ್ಮ ಯಾಕೋ..."

ಮುದ್ದಮ್ಮ ಅವಳನ್ನು ನೋಡಿದಳು. ಒಂದು ಗಳಿಗೆ ಮಾತ್ರ. ಆಮೇಲೆ ಷಡಕ್ಷರಪ್ಪನವರ ಕಡೆ ತಿರುಗಿ ಕೈ ಜೋಡಿಸಿದಳು.

"ತಪ್ಪಾಯ್ತು ಸ್ವಾಮಿ. ರಾಗಿ ಚೀಲ ಒಗ್ದು ಒಣಗಾಕಿದ್ದೆ. ಮೇಡಮ್ಮೋರ್ಗೆ ಏನೂ ಗೊತ್ತಿಲ್ಲ."

ಷಡಕ್ಷರಪ್ಪನವರು ಚೀಲಗಳನ್ನು ನೋಡಿದರು. ಅಂಚಿನಿಂದ ಅಂಚಿಗೆ ಒಂದು ಗೇಣೂ ಬಿಡದೆ ಹಾಸಿದ್ದನ್ನು ನೋಡಿದರು. ಲತಾಮಣಿಯನ್ನೂ ನೋಡಿದರು.

"ಇವರು ನಿಮಗೆ ಪರಿಚಯದವರಾ?"

"ಇಲ್ಲ. ಇಲ್ಲಿ ಕೆಲಸದವರು."

ಸಂಬಂಧಿಕರೆಂದರೆ ಅಳತೆಯ ಮೇಲೆ ಅನುಮಾನ ಬರುತ್ತದೆ ಎಂದು ಅವಳು ಒಳಗೇ ಕಾರಣ ಕೊಟ್ಟುಕೊಂಡಳು. ಕಾರಣ ಅದಲ್ಲವೆಂದೂ ಅವಳಿಗೆ ಗೊತ್ತಿತ್ತು.

"ಒಗೆದ ಚೀಲ," ಎಂದರು ಷಡಕ್ಷರಪ್ಪನವರು, ತಮಗೆ ತಾವೇ. "ಆಗಲಿ. ನಾವು ಬರೆದುಕೊಂಡದ್ದು ಇಪ್ಪತ್ತೆಂಟು. ಅಳತೆ ಅಳತೆಯೇ." ಕೆಳಗಿಳಿದು ಹೋದರು.

ತಾರಸಿಯಿಂದ ಆವಿ ಏಳುತ್ತಿತ್ತು. ಇಬ್ಬರೇ ಉಳಿದರು.

"ಅತ್ತೆ..."

"ಹೋಗಿ ಮೇಡಂ," ಎಂದಳು ಮುದ್ದಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಿಗೆ ಬೇಕಾದರೂ ಹೇಳುವಂತೆ ಹೇಳಿದಳು. "ಕೆಳಗೆ ಕಾಯ್ತಾವ್ರೆ." ಖಾಲಿ ಕೊಡ ಎತ್ತಿಕೊಂಡು, ಲತಾಮಣಿಗೆ ತಾಗದಂತೆ ಗೋಡೆಗೆ ಸರಿದು, ಮೆಟ್ಟಿಲಿಳಿದಳು.

ಊಟಕ್ಕೆ ಬೇಲೂರಿಗೆ ಹೋಗುವುದೆಂದಾಯಿತು. ಕಾರಿನಲ್ಲಿ ಎಸಿ ಹಾಕಿದ್ದರು. ಒಬ್ಬರು ಅವಳಿಗೆ ಅಭಿನಂದನೆ ಹೇಳಿದರು. ಇನ್ನೊಬ್ಬರು ಹನ್ನೆರಡು ಹಾಸ್ಟೆಲ್‌ಗೂ ಇದೇ ಚಾವಣಿ ಮಾಡೋಣವೆಂದರು. ಅವಳು "ಖಂಡಿತ" ಎಂದಳು. ಆ ಮಾತನ್ನು ಬೇರೆ ಯಾರೋ ಆಡಿದಂತೆ ಕೇಳಿಸಿತು. ಹಳೇಬೀಡು ಬರುತ್ತಲೇ ಷಡಕ್ಷರಪ್ಪನವರು ಕಾರು ನಿಲ್ಲಿಸಿದರು. ಇಲ್ಲಿಯವರೆಗೆ ಬಂದು ದೇವಸ್ಥಾನ ನೋಡದೆ ಹೋದರೆ ಮನೆಯವರು ಬೈಯುತ್ತಾರಂತೆ.

ಚಪ್ಪಲಿ ಬಿಟ್ಟು ಒಳಗೆ ಹೋದರು. ನಡು ಮಧ್ಯಾಹ್ನ. ಕಲ್ಲುಹಾಸಿನ ಮೇಲೆ ಬಾಗಿಲವರೆಗೂ ನಾರಿನ ಚಾಪೆ ಹಾಸಿತ್ತು. ಎಲ್ಲರೂ ಅದರ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆದರು. ಲತಾಮಣಿ ಕೊನೆಯವಳು.

ಅರ್ಧ ದಾರಿಯಲ್ಲಿ ಅವಳು ನಿಂತಳು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೊದಲು ಬಲಗಾಲು, ಆಮೇಲೆ ಎಡಗಾಲು, ಚಾಪೆಯಿಂದ ಇಳಿಸಿ ಬರಿ ಕಲ್ಲಿನ ಮೇಲೆ ಊರಿದಳು. ಸುಡಲಿ ಎಂದುಕೊಂಡಳು. ಸುಟ್ಟು ಬೊಬ್ಬೆ ಏಳಲಿ. ಹಲ್ಲು ಕಚ್ಚಿ ಎಣಿಸತೊಡಗಿದಳು. ಒಂದು. ಎರಡು.

ಮೂರು ಎನ್ನುವ ಮೊದಲೇ ಕಾಲುಗಳು, ಅವಳನ್ನು ಕೇಳದೆ, ಚಾಪೆಗೆ ಹಾರಿದವು.

"ಬನ್ನಿ ಮೇಡಂ," ಷಡಕ್ಷರಪ್ಪನವರು ಬಾಗಿಲ ನೆರಳಿನಿಂದ ಕರೆದರು. "ಒಳಗೆ ಎಷ್ಟು ತಂಪಾಗಿದೆ ನೋಡಿ."

ಕಲ್ಲಿನ ಮೇಲೆ ಬೆವರಿದ ಎರಡು ಅಂಗಾಲಿನ ಗುರುತು ಮೂಡಿತ್ತು. ಅವಳು ನೋಡುತ್ತಿದ್ದಂತೆ ಹಿಮ್ಮಡಿ ಆರಿತು; ಆಮೇಲೆ ಬೆರಳುಗಳು ಒಂದೊಂದಾಗಿ.