ಮಾನ್ವಿ ರಸ್ತೆಯಲ್ಲಿ ಕೇಳದ ಮಾತು

ಮಾನ್ವಿ ರಸ್ತೆಯಲ್ಲಿ ಅಹಲ್ಯಾ ಏನೋ ಹೇಳಿದ್ದಳು. ಅದು ಪ್ರಹ್ಲಾದನಿಗೆ ಕೇಳಿಸಿರಲಿಲ್ಲ.

ಅವರ ಮದುವೆಯಾಗಿ ಎರಡು ತಿಂಗಳಾಗಿತ್ತು. ರಾಯಚೂರಿನ ಆ ಮನೆಯಲ್ಲಿ ಹನ್ನೊಂದು ಜನ. ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ರೂಢಿ ಇರಲಿಲ್ಲ. ಹಿರಿಯರಿಲ್ಲದ ಮೂಲೆಯೂ ಮನೆಯಲ್ಲಿ ಇರಲಿಲ್ಲ. ಸೆಕೆಗಾಲವಾದ್ದರಿಂದ ಹೆಂಗಸರೆಲ್ಲ ಮಾಳಿಗೆಯ ಮೇಲೆ, ಗಂಡಸರೆಲ್ಲ ಅಂಗಳದಲ್ಲಿ ಮಲಗುತ್ತಿದ್ದರು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ಪ್ರಹ್ಲಾದ ಮೊದಲಿನಿಂದಲೂ ಮಾತು ಕಡಿಮೆಯವನು, ಸುಮ್ಮನೆ ಕೂರುವುದರಲ್ಲಿ ಸುಖ ಕಂಡವನು. ಆದರೆ ಈ ಮೌನ ಅವನು ಆರಿಸಿಕೊಂಡದ್ದಲ್ಲ.

ಮಾನ್ವಿಯಲ್ಲೊಂದು ಮುಂಜಿವೆ ಇತ್ತು. ವಕೀಲರಾದ ಅಪ್ಪನ ಹಳೆಯ ಮೋಟಾರನ್ನು ಅವನೇ ನಡೆಸಿಕೊಂಡು ಹೋದ. ಜೊತೆಗೆ ಹಿರಿಯರೊಬ್ಬರು ಇರಲಿ ಎಂದು ಸೋದರತ್ತೆ ಸತ್ಯಭಾಮಾಬಾಯಿ ಹೊರಟರು. ಅವರದು ಸದಾ ಮಡಿ. ಯಾರೂ ತಾಗಬಾರದೆಂದು ಹಿಂದಿನ ಸೀಟು ಪೂರ್ತಿ ಅವರಿಗೇ ಬೇಕು. ಹೀಗಾಗಿ ಅಹಲ್ಯಾ ಮುಂದೆ, ಅವನ ಪಕ್ಕಕ್ಕೆ ಬಂದಳು. ಊರು ದಾಟುವುದರೊಳಗೆ ಸತ್ಯಭಾಮಾಬಾಯಿ ನಿದ್ದೆ ಹೋದರು. ಪ್ರಹ್ಲಾದ ಧೈರ್ಯ ಮಾಡಿ, ನಮ್ಮ ಮನೆ ನಿನಗೆ ಸೇರಿತೇ ಎಂದು ಕೇಳಿದ. ಅವಳ ತುಟಿಗಳು ಅಲುಗಿದವು. ಆದರೆ ಮುಂದಿನ ಎಡಚಕ್ರ ಬೀಸುವ ಕಲ್ಲಿನಂತೆ ಮೊರೆಯುತ್ತಿತ್ತು. ಉತ್ತರವನ್ನು ಅದೇ ನುಂಗಿತು. ಕೇಳಿಸಿದವನಂತೆ ಅವನು ತಲೆಯಾಡಿಸಿದ. ಅವಳು ನಕ್ಕಳು. ಆ ನಗು ಯಾತಕ್ಕೆಂದು ಇಪ್ಪತ್ತು ದಿನ ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ.

ಈಗ ಆಷಾಢ ಬರುತ್ತಿತ್ತು. ಹೊಸ ಸೊಸೆ ಗಂಡನ ಮನೆಯಲ್ಲಿ ಇರಬಾರದ ತಿಂಗಳು. ಅಹಲ್ಯಾಳನ್ನು ದೇವದುರ್ಗದ ತವರಿಗೆ ಬಿಟ್ಟು ಬರಬೇಕು. ಮೂವತ್ತು ಮೈಲಿ ದಾರಿ, ಅದೇ ಮೋಟಾರು, ಹಿಂದೆ ಅದೇ ಸತ್ಯಭಾಮಾಬಾಯಿ. ಈ ದಾರಿಯಲ್ಲೂ ಅವಳ ಮಾತು ಕೇಳದಿದ್ದರೆ ಇನ್ನೊಂದು ತಿಂಗಳು ಕಾಯಬೇಕು. ಪ್ರಹ್ಲಾದ ಮುಂಬಯಿಗೆ ಬರೆದು ಆ ಮೊರೆಯುವ ಚಕ್ರಕ್ಕೆ ಹೊಸ ಬೇರಿಂಗು ತರಿಸಿದ. ಮಹಾಯುದ್ಧ ಮುಗಿದು ವರ್ಷವಾಗಿದ್ದರೂ ಸಾಮಾನು ಸಿಗುವುದು ಕಷ್ಟವಿತ್ತು. ಹೊರಡುವ ಹಿಂದಿನ ದಿನ ಅದು ಮೇಣದ ಕಾಗದ ಸುತ್ತಿಕೊಂಡು ರೈಲಿನಲ್ಲಿ ಬಂತು.

ಅಂದು ಶುಕ್ರವಾರ, ಆ ಸೀಮೆಯಲ್ಲಿ ವಾರದ ರಜೆ. ಬಸ್ಸು ಓಡಿಸುವ ಮೆಹಬೂಬ್ ಪಾಷಾ ನಮಾಜು ಮುಗಿಸಿ ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಬಂದ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಹಚ್ಚಿ ಎಡಚಕ್ರವನ್ನು ಎತ್ತಿ ತಿರುಗಿಸಿದ. ಗ್ರೀಸು ತುಂಬಿದರೆ ಸಾಕು, ದೇವದುರ್ಗ ಮುಟ್ಟುತ್ತೀರಿ ಎಂದ. ಮುಟ್ಟುವುದಷ್ಟೇ ಅಲ್ಲ, ಸದ್ದು ಪೂರ್ತಿ ಹೋಗಬೇಕು ಎಂದು ಪ್ರಹ್ಲಾದ ಹಟ ಹಿಡಿದ.

"ಎಲ್ಲಾರೂ ಗಾಡಿ ಓಡಲಿ ಅಂತಾರ," ಎಂದ ಪಾಷಾ. "ನೀವೊಬ್ರು ಗಾಡಿ ಸುಮ್ನಿರಲಿ ಅಂತೀರಿ, ಸಾಬ್."

ಚಕ್ರದ ಟೊಪ್ಪಿಗೆ ತೆಗೆದು, ಒಳಗಿನ ಪಿನ್ನು ಕಿತ್ತು, ಪ್ರಹ್ಲಾದ ನಟ್ಟಿಗೆ ಪಾನಾ ಹಾಕಿ ಎಳೆದ. ಬರಲಿಲ್ಲ. ಮೈಯ ಭಾರವೆಲ್ಲ ಬಿಟ್ಟ. ಕಟ್ಟೆಯ ಮೇಲೆ ಜಪಮಣಿ ಹಿಡಿದು ಕೂತಿದ್ದ ಸತ್ಯಭಾಮಾಬಾಯಿ, ಉಣ್ಣುವಾಗ ತುಪ್ಪ ಬೇಡ ಅನ್ನುವವರ ಗತಿ ಇದೇ ಎಂದರು. ಪಾಷಾ ಬೀಡಿ ಮುಗಿಯುವ ತನಕ ನೋಡಿ, ಎಡಗಡೆಯ ನಟ್ಟು ಉಲ್ಟಾ ಬಿಚ್ಚುತ್ತದೆ, ಇಷ್ಟು ಹೊತ್ತು ನೀವು ಬಿಗಿ ಮಾಡುತ್ತಿದ್ದಿರಿ ಎಂದು ತಣ್ಣಗೆ ಹೇಳಿದ. ಆ ಕಡೆ ತಿರುಗಿಸಿದರೆ ಎರಡೇ ಎಳೆತಕ್ಕೆ ಬಂತು.

ಹಳೆಯ ಬೇರಿಂಗಿನ ಉಕ್ಕಿನ ಉರುಳೆಗಳು ಸಿಡುಬಿನ ಮುಖದಂತೆ ಕಲೆಬಿದ್ದಿದ್ದವು. ಚಕ್ರದ ನಡುವಿನ ಗುಂಬದೊಳಗೆ ಕಚ್ಚಿಕೊಂಡಿದ್ದ ಅದರ ಉಕ್ಕಿನ ಬಳೆಯನ್ನು ಬಡಿದು ಹೊರಗೆ ತೆಗೆದು, ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು, ಹೊಸ ಬಳೆ ಕೂರಿಸಿದರು. ಪ್ರಹ್ಲಾದ ಅಂಗೈಯಲ್ಲಿ ಗ್ರೀಸು ಹಾಕಿಕೊಂಡು ಹೊಸ ಉರುಳೆಗಳ ಸಂದಿಗೆ ಒತ್ತಿ ತುಂಬಿದ. ಅದು ಯಾವ ಪ್ರಾಣಿಯ ಕೊಬ್ಬೋ, ಸ್ನಾನ ಮಾಡದೆ ಒಳಗೆ ಬರಬೇಡ ಎಂದು ಕಟ್ಟೆಯಿಂದ ಅಪ್ಪಣೆಯಾಯಿತು. ನಟ್ಟು ಬಿಗಿದು, ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟು, ಪಾಷಾ ಚಕ್ರಕ್ಕೆ ಒಂದು ಏಟು ಹಾಕಿದ. ತಿರುಗುತ್ತಿದೆ ಎಂಬುದನ್ನು ಕಣ್ಣಿನಿಂದಲೇ ತಿಳಿಯಬೇಕಿತ್ತು. ಕಿವಿಗೆ ಏನೂ ಇರಲಿಲ್ಲ. ಇಷ್ಟು ದಿನ ಕಾಡಿದ್ದನ್ನು ಎಸೆಯಲು ಮನಸ್ಸಾಗದೆ ಹಳೆಯ ಬೇರಿಂಗನ್ನು ಪ್ರಹ್ಲಾದ ಚಿಂದಿಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟ.

ಕೈ ತೊಳೆಯಲು ಬಚ್ಚಲ ಹತ್ತಿರ ಹೋದರೆ ಸೀಗೆಪುಡಿಯೂ ಬಿಸಿನೀರೂ ಸಿದ್ಧವಾಗಿದ್ದವು. ಬಾಗಿಲ ಮರೆಯಲ್ಲಿ ಅಹಲ್ಯಾ ನಿಂತಿದ್ದಳು. ಚಕ್ರದ ಕಡೆ ನೋಡಿದಳು, ಕಟ್ಟೆಯ ಕಡೆ ನೋಡಿದಳು, ಏನೋ ಹೇಳಹೊರಟಳು. ಅಷ್ಟರಲ್ಲಿ ಅವನ ತಾಯಿ ಬಂದರು.

ಮರುದಿನ ಬೆಳಿಗ್ಗೆ ಹೊರಟರು. ಕಲ್ಮಲ ದಾಟಿತು. ಚಕ್ರ ಬೆಣ್ಣೆಯಂತೆ ಉರುಳುತ್ತಿತ್ತು. ಹೊಲದಲ್ಲಿ ಕುಂಟೆ ಹೊಡೆಯುವವನು ಎತ್ತಿಗೆ ಬೈಯುವುದೂ ಕೇಳುತ್ತಿತ್ತು. ಹಿಂದೆ ಸದ್ದಿಲ್ಲ. ಪ್ರಹ್ಲಾದ ಗಂಟಲು ಸರಿಮಾಡಿಕೊಂಡು, ಇಪ್ಪತ್ತು ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಮೆಲ್ಲಗೆ ಹೊರಗೆ ತೆಗೆದ.

"ನಮ್ಮ ಮನಿ ನಿನಗ ಸೇರ್ತೇನು?"

"ಸೇರದ ಏನಪಾ?" ಎಂದು ಹಿಂದಿನಿಂದ ಉತ್ತರ ಬಂತು. "ಬಾವಿ ನೀರು ಸಿಹಿ ಅದ, ಕರೆಯೋ ಆಕಳ ಅದ. ಮತ್ತೇನು ಬೇಕು?"

ಸತ್ಯಭಾಮಾಬಾಯಿ ನೆಟ್ಟಗೆ ಕೂತಿದ್ದರು. ಮೊದಲೆಲ್ಲ ಚಕ್ರದ ಆ ಗುಂಯ್ ಎಂಬ ಸದ್ದಿಗೆ ತೊಟ್ಟಿಲಲ್ಲಿ ಹಾಕಿದಂತೆ ಕಣ್ಣು ಮುಚ್ಚುತ್ತಿತ್ತು, ಈಗ ಒಂದು ಹನಿ ನಿದ್ದೆಯೂ ಬರುತ್ತಿಲ್ಲ ಎಂದು ದೂರಿದರು. ಆಮೇಲೆ ಆ ಬಾವಿ ತೋಡಿಸಿದ ಕಥೆಯನ್ನು ಹೇಳಲು ಶುರುಮಾಡಿದರು. ಗಬ್ಬೂರು ಬಂದರೂ ಅವರ ಕಥೆಯ ಬಾವಿಗೆ ಇನ್ನೂ ನೀರು ಬಿದ್ದಿರಲಿಲ್ಲ.

ಪ್ರಹ್ಲಾದ ರಸ್ತೆ ನೋಡುತ್ತಿದ್ದ. ಅಹಲ್ಯಾಳ ಭುಜ ಅಲುಗುತ್ತಿದ್ದುದು ಓರೆಗಣ್ಣಿಗೆ ಕಂಡಿತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಸತ್ಯಭಾಮಾಬಾಯಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಸೆರಗು ತೆಗೆದಳು.

"ಹಳೇದು ಒಗದೀರೇನ್ರಿ, ಇಟ್ಟೀರೇನು?"

ಹಳೆಯ ಬೇರಿಂಗಿನ ಮಾತು ಎಂದು ಅವನಿಗೆ ತಕ್ಷಣ ಹೊಳೆಯಲಿಲ್ಲ.

"ಹಳೇ ಸಾಮಾನು ಯಾಕವಾ?" ಎಂದರು ಸತ್ಯಭಾಮಾಬಾಯಿ.

"ಶ್ರಾವಣದಾಗ ನನ್ನ ಕರಕೊಂಡು ಹೋಗಾಕ ಬರ್ತಾರಲ್ರಿ ಅತ್ಯಾ, ಆವಾಗ ಅದನ್ನೇ ಹಾಕಿಕೊಂಡು ಬರಲಿ. ನಿಮಗ ನಿದ್ದಿ ಆಗ್ತದ."

ಸತ್ಯಭಾಮಾಬಾಯಿ ಸ್ವಲ್ಪ ಯೋಚಿಸಿ, ಹುಡುಗಿಗೆ ಹಿರಿಯರ ಕಾಳಜಿ ಇದೆ ಎಂದು ಒಪ್ಪಿದರು.

"ಸೀಟಿನ ಕೆಳಗೇ ಅದ," ಎಂದ ಪ್ರಹ್ಲಾದ.

ಮಾನ್ವಿ ರಸ್ತೆಯಲ್ಲಿ ಅವಳು ಏನು ಹೇಳಿದ್ದಳೆಂದು ಅವನು ಮತ್ತೆ ಕೇಳಲಿಲ್ಲ. ಈಗ ಅದನ್ನು ಕೇಳುವ ಅಗತ್ಯವೂ ಇರಲಿಲ್ಲ. ಹಿಂದಿನ ಸೀಟಿನ ಕಥೆಯಲ್ಲಿ ಬಾವಿಗೆ ಕೊನೆಗೂ ನೀರು ಬಿತ್ತು. ಮುಂದಿನ ಬಾರಿ ಸ್ವಲ್ಪ ಜೋರಾಗಿ ಮಾತಾಡಬೇಕು, ಬಾಯಿಯನ್ನು ಅವಳ ಕಿವಿಯ ಹತ್ತಿರ ಒಯ್ಯಬೇಕು ಎಂದುಕೊಳ್ಳುತ್ತ ಅವನು ದೇವದುರ್ಗದ ಕಡೆ ಗಾಡಿ ಬಿಟ್ಟ.