ಗುರುತಿನ ಕಲ್ಲು

“ಅಮ್ಮಾ, ಎತ್ಲಾಗೋ ನೋಡ್ತಾ ನಿಂತ್ಬಿಟ್ಯಲ್ಲ, ಕಲ್ಲು ಕೊಡು!” ಸಾಲಿನಲ್ಲಿ ಪಕ್ಕಕ್ಕೇ ನಿಂತಿದ್ದ ಮಗಳು ಸಿಂಧು ಕೈ ಚಾಚಿದಳು.

ಶಾಂತಾದೇವಿ ಕಲ್ಲು ದಾಟಿಸಿ ಮತ್ತೆ ಬೇಲಿಯ ಕಡೆಗೇ ಕಣ್ಣು ಹಾಯಿಸಿದಳು. ಊರಿನ ರುದ್ರಭೂಮಿಯೊಳಗೆ ಅವಳು ಕಾಲಿಟ್ಟಿದ್ದು ಇದೇ ಮೊದಲು. ಹೆಂಗಸರು ಅತ್ತ ತಲೆ ಹಾಕಬಾರದೆಂಬುದು ಅತ್ತೆಯ ಕಟ್ಟಪ್ಪಣೆ. ಅತ್ತೆಯೂ ಅಲ್ಲಿಗೇ ಬಂದು ಮಣ್ಣಾದ ಮೇಲೂ ಅದು ಸಡಿಲವಾಗಲಿಲ್ಲ. ಇವತ್ತು ಅದನ್ನು ಚೊಕ್ಕಟ ಮಾಡುವ ಶ್ರಮದಾನಕ್ಕೆ ಮನೆಮಂದಿಯೆಲ್ಲ ಬರಬೇಕೆಂದು ಮಠದವರು ಹೇಳಿದ್ದರಿಂದ, ಬೀಗರೂಟಕ್ಕೆ ಹೊರಟಂತೆ ಊರಿಗೆ ಊರೇ ಬಂದಿತ್ತು. ಒಂದು ಕಡೆ ಉಪ್ಪಿಟ್ಟು ಬೇಯುತ್ತಿತ್ತು, ಇನ್ನೊಂದು ಕಡೆ ಮಕ್ಕಳು ಸುಣ್ಣದ ಬಕೆಟ್ಟಿಗೆ ಕಿತ್ತಾಡುತ್ತಿದ್ದರು.

ಸಿಂಧುವಿಗಿಂತ ಮೊದಲು ಶಾಂತಾದೇವಿಗೊಂದು ಗಂಡುಕೂಸು ಹುಟ್ಟಿ, ಹೆಸರಿಡುವ ಮುಂಚೆಯೇ ಹೋಗಿಬಿಟ್ಟಿತ್ತು. ಹಸಿ ಬಾಣಂತಿ ಹೊಸಿಲು ದಾಟುವಂತಿರಲಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಿಂದ ಓಡಿಬಂದ ಗಂಡ ಏಕಾಂತಯ್ಯನೇ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದು, “ಬೇಲಿ ಪಕ್ಕದಲ್ಲೇ ಮಲಗ್ಸಿದೀನಿ. ಗುರುತಿಗೆ ಕಲ್ಲೂ ಇಟ್ಟಿದೀನಿ ಕಣೇ,” ಎಂದಿದ್ದ. ಆ ಒಂದು ಮಾತು ಅವಳನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿತ್ತು. ಒಂದೇ ಒಂದು ಸಲ ಆ ಕಲ್ಲಿನ ಹತ್ತಿರ ಕೂತೆದ್ದು ಬಂದರೆ ಸಾಕಿತ್ತು. ಸೆರಗಿನ ಗಂಟಿನಲ್ಲಿ ವಿಭೂತಿ ಇಟ್ಟುಕೊಂಡೇ ಬಂದಿದ್ದಳು.

ಆದರೆ ಬೇಲಿಯ ಪಕ್ಕ ಏನೂ ಇರಲಿಲ್ಲ. ಮುಳ್ಳುಪೊದೆಯೆಲ್ಲ ಹೋಗಿ ನೆಲ ಕೆಂಪಗೆ ಬೋಳಾಗಿತ್ತು. ಗುದ್ದಲಿ ಹಿಡಿದು ಹತ್ತಿರ ಬಂದ ಗಂಡನನ್ನು ತಡೆದಳು.

“ರೀ, ಎಲ್ಲೈತ್ರೀ?”

ಏನು ಎಂದು ಅವನು ಕೇಳಲಿಲ್ಲ. “ನಿನ್ನೆ ಹಳೇಬೀಡಿಂದ ಬಂದ ಜೆಸಿಬಿ ಎಲ್ಲಾನೂ ಮಟ್ಟ ಮಾಡ್ಬಿಡ್ತು.”

“ನೀವೇ ನಿಂತು ಮಾಡ್ಸಿದ್ರಲ್ಲ?”

“ಮುಂದೆ ನಿಂತು ಕೆಲ್ಸ ಮಾಡ್ಸೋನು ಊರೋರಿಗೆ ಏನಂತ ಹೇಳ್ಲಿ? ಬೇರೆಯೋರ್ದೆಲ್ಲ ಕೀಳಿ, ನಮ್ಮ ಕೂಸಿಂದು ಬಿಡಿ ಅನ್ನಕ್ಕಾಯ್ತದೇನೇ?”

“ಕಲ್ಲು?”

ಏಕಾಂತಯ್ಯ ಸಾಲಿನ ಆ ತುದಿಯಲ್ಲಿದ್ದ ರಾಶಿಯ ಕಡೆ ನೋಡಿದ. ದಾರಿಯ ಅಂಚಿಗೆ ಜೋಡಿಸಿ ಸುಣ್ಣ ಬಳಿಯಲೆಂದು ಕಿತ್ತ ಕಲ್ಲುಗಳನ್ನೆಲ್ಲ ಅಲ್ಲಿಗೇ ಸುರಿದಿದ್ದರು. ಅರ್ಧಕ್ಕರ್ಧ ಆಗಲೇ ಶಾಂತಾದೇವಿಯ ಕೈ ದಾಟಿ ಹೋಗಿದ್ದವು.

“ಯಾವ್ದು ಅಂತ ಗುರುತು ಸಿಗ್ತದಾ?”

“ಇಲ್ಲ ಕಣೇ.”

ಅವಳಿಗೆ ಅಳುವೂ ಬರಲಿಲ್ಲ. ಹೆತ್ತ ಹೊಟ್ಟೆ ಎರಡನೇ ಸಲ ಬರಿದಾಯಿತು. ಸೆರಗಿನ ಗಂಟು ಬಿಚ್ಚಲು ಹೋಗಿ ಕೈ ಬಿಟ್ಟಳು. ಯಾವುದಕ್ಕೆಂದು ಹಚ್ಚುವುದು? ದಾರಿಯುದ್ದಕ್ಕೂ ಮಕ್ಕಳು ನಗುತ್ತ ಸುಣ್ಣ ಬಳಿದ ಕಲ್ಲುಗಳೆಲ್ಲ ಒಂದೇ ಥರ ಕಾಣುತ್ತಿದ್ದವು.

“ಅಕ್ಕಾ, ಹಿಡ್ಕಳ್ಳಿ,” ಎಂದು ಪಕ್ಕದ ಮನೆಯವಳು ಇನ್ನೊಂದು ಕಲ್ಲು ನೀಡಿದಳು. ಸಾಲು ಕಾಯುತ್ತಿತ್ತು. ಶಾಂತಾದೇವಿ ಒಂದು ಅಂಗೈಯನ್ನು ಅದರ ಅಡಿಗೆ, ಇನ್ನೊಂದನ್ನು ಹಿಂಬದಿಗೆ ಕೊಟ್ಟು, ಕತ್ತು ನಿಲ್ಲದ ಎಳೆಗೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡಳು.

“ತುಂಬ ಭಾರ ಇದ್ಯಾ ಅಮ್ಮಾ?” ಸಿಂಧು ಕೇಳಿದಳು.

“ಹುಷಾರು. ಕೆಳಗೆ ಬೀಳಿಸ್ಬೇಡ,” ಎಂದು ಮಗಳ ಕೈಗೆ ಕೊಟ್ಟಳು.

ಆಮೇಲೆ ಬಂದ ಕಲ್ಲುಗಳನ್ನೆಲ್ಲ ಹಾಗೆಯೇ ಕೊಟ್ಟಳು.